ಇಂದ್ರಮ್ಮನ ಹುಳದ ಮನೆಗೆ ಬಿಸಿಲಿನ ಕರೆಂಟು

ಕೆಂಗೇರಿ ದಾಟಿ ಮೈಸೂರು ರಸ್ತೆಯಿಂದ ಪಕ್ಕಕ್ಕೆ ಇಳಿದರೆ ಒಂದು ಮಣ್ಣಿನ ದಾರಿ. ಕರೆಂಟಿನ ಕಂಬಗಳು ಆ ದಾರಿಯುದ್ದಕ್ಕೂ ಸಾಲಾಗಿ ಬಂದು ಬೈರಯ್ಯನ ಮನೆಯ ಮುಂದೆ ನಿಂತುಬಿಟ್ಟಿದ್ದವು. ಮುಂದಿನ ಕಂಬ ಯಾವಾಗ ಬರುತ್ತದೆ ಎಂದು ಕೇಳಿದರೆ, "ಬರುತ್ತೆ ಬಿಡಮ್ಮ" ಎನ್ನುವ ಉತ್ತರ ಮಾತ್ರ ತಪ್ಪದೆ ಬರುತ್ತಿತ್ತು. ಕೊನೆಯ ಕಂಬದಿಂದ ಎರಡು ಹೊಲ ಆಚೆಗೆ ಇಂದ್ರಮ್ಮನ ಹುಳದ ಶೆಡ್ಡು.

ಹುಳ ಎಂದರೆ ರೇಷ್ಮೆ ಹುಳ. ಅದನ್ನು ಸಾಕುವವರಿಗೆ ಹಗಲು ರಾತ್ರಿ ಎಂಬ ಭೇದವಿಲ್ಲ. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಹಸಿವೆಂದರೆ ಹಸಿವು. ಮುಸ್ಸಂಜೆಗೂ ಹಿಪ್ಪುನೇರಳೆ ಸೊಪ್ಪು ಹಾಕಬೇಕು, ಕೋಳಿ ಕೂಗುವ ಮುಂಚೆಯೂ ಹಾಕಬೇಕು. ಅದಕ್ಕೆ ಬೆಳಕು ಬೇಕು. ಸೀಮೆಎಣ್ಣೆ ಬುಡ್ಡಿ ಹಚ್ಚೋಣವೆಂದರೆ ಅದರ ಹೊಗೆ ಹುಳಕ್ಕೆ ಆಗಿಬರುವುದಿಲ್ಲ. ಇಂದ್ರಮ್ಮ ಬುಡ್ಡಿಯನ್ನು ಬಾಗಿಲ ಹೊರಗಿಟ್ಟು, ಒಳಗೆ ಬರುವ ಅರೆಬರೆ ಬೆಳಕಿನಲ್ಲಿ ಹುಳದ ತಟ್ಟೆಗಳನ್ನು ತಡಕಾಡಿ ಎಷ್ಟೋ ಗೂಡಿನ ಬೆಳೆ ತೆಗೆದಿದ್ದಳು.

ಈ ಸಲದ ಬೆಳೆ ಮಾತ್ರ ಹಿಂದಿನವುಗಳ ಹಾಗಲ್ಲ. ಇಷ್ಟು ವರ್ಷ ಹುಳ ಸಾಕಿದವಳು ಇಂದ್ರಮ್ಮನಾದರೂ ರೇಷ್ಮೆ ಬೆಳೆಗಾರರ ಸಂಘದಲ್ಲಿ ಹುಳದ ಮೊಟ್ಟೆ ಕೊಡುತ್ತಿದ್ದದ್ದು ಗಂಡ ಉಗ್ರಪ್ಪನ ಹೆಸರಿಗೆ. ಈ ವರ್ಷ ಅವಳು ಸಂಘದ ಕಾರ್ಯದರ್ಶಿ ವೆಂಕಟಗಿರಿಯ ಮುಂದೆ ನಿಂತು, "ನನ್ನ ಹೆಸರಿಗೇ ಕೊಡಿ ಸಾರ್, ಸಾಕೋಳು ನಾನಲ್ವಾ?" ಎಂದು ಕೇಳಿಯೇ ಬಿಟ್ಟಿದ್ದಳು. ವೆಂಕಟಗಿರಿ ತಲೆ ಕೆರೆದುಕೊಂಡು, "ಆಯ್ತಮ್ಮ, ಒಂದು ಬೆಳೆ ನೋಡೋಣ. ಇದು ಕೈಕೊಡ್ತೋ, ಮತ್ತೆ ಯಜಮಾನ್ರ ಹೆಸರಿಗೇ" ಎಂದಿದ್ದರು. ಹಾಗಾಗಿ ಈ ಹುಳಗಳ ಮೇಲೆ ಇಂದ್ರಮ್ಮನಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳ ಮೇಲಿದ್ದಷ್ಟೇ ಜೀವ. ಅದನ್ನು ಅವಳು ಬಾಯಿಬಿಟ್ಟು ಹೇಳಿಯೂ ಇದ್ದಳು. ಮಕ್ಕಳು ಮುಖ ಊದಿಸಿಕೊಂಡಿದ್ದೂ ಆಗಿತ್ತು.

ಮೊಟ್ಟೆಯ ಜೊತೆಗೆ ಸಂಘದವರು ಪ್ರಯೋಗಕ್ಕೆಂದು ಒಂದು ಸೌರ ದೀಪದ ಸೆಟ್ಟನ್ನೂ ಕೊಟ್ಟಿದ್ದರು. ಬಿಸಿಲಿಗೆ ಇಡಲು ಒಂದು ಪ್ಯಾನೆಲ್, ಕರೆಂಟು ತುಂಬಿಡಲು ಒಂದು ಬ್ಯಾಟರಿ, ಎರಡು ಪುಟ್ಟ ಟ್ಯೂಬ್‌ಲೈಟ್, ಇವುಗಳ ನಡುವೆ ಚಾರ್ಜ್ ಕಂಟ್ರೋಲರ್ ಎಂಬ ಒಂದು ಡಬ್ಬಿ. ಮೊದಲ ಸಂಜೆ ಶೆಡ್ಡಿನಲ್ಲಿ ದೀಪ ಹತ್ತಿದಾಗ ಇಂದ್ರಮ್ಮನಿಗೆ ತನ್ನ ಹುಳಗಳ ಮುಖವನ್ನು ಹೊಸದಾಗಿ ನೋಡಿದಂತಾಯಿತು.

ಉಗ್ರಪ್ಪನಿಗೆ ಮಾತ್ರ ಅದು ಮನಸ್ಸಿಗೆ ಬರಲಿಲ್ಲ. ಅವನು ಬಿನ್ನಿಪೇಟೆಯ ಬಟ್ಟೆ ಗಿರಣಿಯಲ್ಲಿ ವೈರ್‌ಮನ್ನಿನ ಕೈಕೆಳಗೆ ಬಹಳ ಕಾಲ ಏಣಿ ಹಿಡಿದವನು. ಏಣಿ ಹಿಡಿದು ಹಿಡಿದು ಕರೆಂಟಿನ ವಿದ್ಯೆಯೆಲ್ಲ ತನ್ನ ತಲೆಗೆ ಇಳಿದಿದೆ ಎಂದು ಅವನ ನಂಬಿಕೆ. ಹೊಸ ಬ್ಯಾಟರಿಯ ಎರಡು ತುದಿಯನ್ನೂ ಬೆರಳಿನಿಂದ ಮುಟ್ಟಿ ನೋಡಿ ಮುಖ ಸಿಂಡರಿಸಿದ.

"ಮುಟ್ಟಿದ್ರೆ ಹೊಡೀದೇ ಇರೋ ಕರೆಂಟೂ ಒಂದು ಕರೆಂಟೇನೇ? ಗಿರಣೀಲಿ ಒಂದ್ಸಲ ನಂಗೆ ಹೊಡೀತು ನೋಡು, ಏಣಿ ಸಮೇತ ಬಿದ್ದಿದ್ದೆ. ಅದು ಕರೆಂಟು!"

"ಹೊಡೆಸ್ಕೊಳ್ಳೋಕೆ ಅಷ್ಟು ಆಸೆ ಇದ್ರೆ ನಾನಿಲ್ವಾ" ಎಂದಳು ಇಂದ್ರಮ್ಮ. ಉಗ್ರಪ್ಪ ನಕ್ಕು ಬ್ಯಾಟರಿಯಿಂದ ಕೈ ತೆಗೆದ.

ಹುಳ ಚಿಕ್ಕದಿರುವಾಗ ಒಂದು ಪ್ಯಾನೆಲ್ಲಿನ ಬೆಳಕು ಸಾಲುತ್ತಿತ್ತು. ಹುಳ ಬೆಳೆದು ಸೊಪ್ಪು ಹಾಕುವ ಕೆಲಸ ಹೆಚ್ಚಿದ ಮೇಲೆ, ಬೆಳಗಿನ ಜಾವದ ಹೊತ್ತಿಗೆ ದೀಪ ಸಪ್ಪೆಯಾಗತೊಡಗಿತು. ಆಗ ಕೊನೆಯ ಕಂಬದ ಬಳಿಯ ಬೈರಯ್ಯ ತನ್ನ ಮನೆಯ ಪ್ಯಾನೆಲ್ಲನ್ನು ಹೆಗಲ ಮೇಲೆ ಹೊತ್ತು ತಂದ. ಅವನಿಗೆ ಕಂಬದ ಕರೆಂಟು ಬಂದಿದ್ದರಿಂದ ಪ್ಯಾನೆಲ್ಲು ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು.

"ತಗೋ ಉಗ್ರಪ್ಪ, ನಿಂಗಾದ್ರೂ ಕೆಲಸಕ್ಕೆ ಬರ್ಲಿ" ಎಂದು ಶೆಡ್ಡಿನೊಳಗೆ ಕಾಲಿಡಲು ಹೋದ. ಉಗ್ರಪ್ಪ ಬಾಗಿಲಿಗೆ ಅಡ್ಡ ನಿಂತ.

"ಬೀಡಿ ಸೇದಿ ಬಂದಿದ್ದೀಯ. ಒಳಗ್ ಬರ್ಬೇಡ. ಹುಳಕ್ಕೆ ವಾಸನೆ ಆಗಲ್ಲ."

ಹುಳದ ಮನೆಯ ಕಟ್ಟುಪಾಡು ಅದು. ಕಾಲು ತೊಳೆಯದೆ ಒಳಗೆ ಬರುವಂತಿಲ್ಲ. ಬೀಡಿ, ನಶ್ಯ, ಬೆಳ್ಳುಳ್ಳಿ ಒಗ್ಗರಣೆ, ಊದುಬತ್ತಿ, ಯಾವ ವಾಸನೆಯೂ ಸುಳಿಯುವಂತಿಲ್ಲ. ಈ ವಿಷಯದಲ್ಲಿ ಉಗ್ರಪ್ಪ ಇಂದ್ರಮ್ಮನಿಗಿಂತ ಒಂದು ಕೈ ಮೇಲು. ಸ್ವಂತ ಬೀಗರನ್ನೇ ಬಾಗಿಲಲ್ಲಿ ನಿಲ್ಲಿಸಿದವನು.

ಆ ಭಾನುವಾರ ಇಂದ್ರಮ್ಮನ ಅಕ್ಕನ ಮಗಳು ಅನಂತಲಕ್ಷ್ಮಿ ವಿಜಯನಗರದಿಂದ ಬಂದಿದ್ದಳು. ಡಿಪ್ಲೊಮಾ ಓದಿ, ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಎಲೆಕ್ಟ್ರಾನಿಕ್ ಸಾಮಾನುಗಳನ್ನು ಪರೀಕ್ಷೆ ಮಾಡುವ ಕೆಲಸ ಅವಳದು. ಎರಡನೇ ಪ್ಯಾನೆಲ್ಲನ್ನು ಕಂಡವಳೇ ಗೋಡೆಯ ಮೇಲಿದ್ದ ಡಬ್ಬಿಯ ಹತ್ತಿರ ಹೋಗಿ ನೋಡಿದಳು.

"ಚಿಕ್ಕಪ್ಪ, ಈ ಡಬ್ಬಿ ಒಂದು ಪ್ಯಾನೆಲ್‌ಗೆ ಅಂತ ಕೊಟ್ಟಿರೋದು. ಬರೀ ಮೂರು ಆಂಪಿಯರ್‌ದು. ಎರಡನೇದನ್ನ ಈಗ್ಲೇ ಸೇರಿಸ್ಬೇಡಿ. ದೊಡ್ಡ ಡಬ್ಬಿ ತಂದ್ಮೇಲೆ ಸೇರ್ಸೋಣ. ಮತ್ತೆ ಈ ಬ್ಯಾಟರೀನ ಶೆಡ್ ಒಳಗೆ ಯಾಕಿಟ್ಟಿದ್ದೀರಿ? ಗಾಳಿ ಆಡೋ ಕಡೆ ಇಡ್ಬೇಕು."

"ಹೊರಗಿಟ್ರೆ ಕದ್ದುಕೊಂಡ್ ಹೋಗ್ತಾರೆ ಕಣಮ್ಮ. ಡಬ್ಬಿ ವಿಷ್ಯ ಆಯ್ತು ಆಯ್ತು" ಎಂದ ಉಗ್ರಪ್ಪ.

ಇಂದ್ರಮ್ಮನಿಗೆ ಗಂಡನ ಮಾತಿನ ಮರ್ಮ ಗೊತ್ತು. ಅವನು ಒಂದು ಸಲ "ಆಯ್ತು" ಎಂದರೆ ಕೆಲಸ ಆಗುತ್ತದೆ. ಎರಡು ಸಲ ಎಂದರೆ ಆಗುವುದಿಲ್ಲ. ಅವತ್ತು ಅವಳು ಸೊಪ್ಪು ಕತ್ತರಿಸುವ ಗಡಿಬಿಡಿಯಲ್ಲಿ ಅದನ್ನು ಅಷ್ಟಾಗಿ ಗಮನಿಸಲಿಲ್ಲ.

ಮಾರನೆಯ ದಿನ ಅನಂತಲಕ್ಷ್ಮಿ ಕೆಲಸಕ್ಕೆ ಹೋದ ಮೇಲೆ ಉಗ್ರಪ್ಪ ಹೆಂಚಿನ ಮೇಲೆ ಹತ್ತಿದ. ಟಾರ್ಚಿಗೆ ಸೆಲ್ ಹಾಕುವಾಗ ಒಂದರ ಬಾಲಕ್ಕೆ ಇನ್ನೊಂದರ ತಲೆ ತಾಗಿಸುತ್ತೇವಲ್ಲ, ಪ್ಯಾನೆಲ್ಲುಗಳನ್ನೂ ಹಾಗೇ ಜೋಡಿಸಿದ. ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ಸು. ಎರಡು ಸೆಲ್ಲಿನ ಟಾರ್ಚು ಒಂದು ಸೆಲ್ಲಿನದಕ್ಕಿಂತ ಹೆಚ್ಚು ಬೆಳಕು ಕೊಡುವುದಿಲ್ಲವೇ? ಇದು ಅವನ ಲೆಕ್ಕಾಚಾರ. ಮಧ್ಯಾಹ್ನದೊಳಗೆ ಡಬ್ಬಿ ಬಿಸಿಯಾಗಿ, ಸುಟ್ಟ ವಾಸನೆ ಬಂದು, ಅದರ ಮೇಲಿನ ಹಸಿರು ದೀಪ ಕಣ್ಣು ಮುಚ್ಚಿತು.

ಇಷ್ಟಾದರೂ ಉಗ್ರಪ್ಪ ಸೋಲಲಿಲ್ಲ. "ಮಧ್ಯದಲ್ಲಿ ಈ ಡಬ್ಬಿದೇ ಅಡ್ಡಗಾಲು. ಬರೋ ಕರೆಂಟನ್ನೆಲ್ಲ ಇದೇ ನುಂಗ್ತಿತ್ತು" ಎಂದು ಅದನ್ನು ಕಿತ್ತು, ಪ್ಯಾನೆಲ್ಲಿನ ವೈರುಗಳನ್ನು ನೇರವಾಗಿ ಬ್ಯಾಟರಿಗೆ ಸುತ್ತಿದ. ಸಂಜೆ ದೀಪ ಹತ್ತಿತು. ಮರುದಿನವೂ ಹತ್ತಿತು. ಉಗ್ರಪ್ಪ ಮೀಸೆ ತಿರುವಿಕೊಂಡ. ಇಂದ್ರಮ್ಮನೂ, ಇವರಿಗೆ ನಿಜವಾಗಿಯೂ ಗೊತ್ತಿರಬೇಕು ಎಂದುಕೊಂಡಳು.

ಶಿವರಾತ್ರಿ ಕಳೆದ ಮೇಲಿನ ಬಿಸಿಲು. ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ. ಪ್ಯಾನೆಲ್ಲು ಬೆಳಗಿನಿಂದ ಸಂಜೆಯವರೆಗೆ ಕರೆಂಟು ಕಳಿಸುತ್ತಲೇ ಇತ್ತು. ಬ್ಯಾಟರಿ ತುಂಬಿತು, ಆದರೆ ಸಾಕು ಎನ್ನುವವರು ನಡುವೆ ಯಾರೂ ಇರಲಿಲ್ಲ. ಶುಕ್ರವಾರ ಅದರೊಳಗಿಂದ ಗುಳುಗುಳು ಸದ್ದು ಕೇಳಿತು.

"ನೋಡೇ, ಬ್ಯಾಟರಿ ಕುದೀತಿದೆ! ಅಂದ್ರೆ ಅಷ್ಟು ಕರೆಂಟು ತುಂಬ್ತಿದೆ ಅಂತ" ಎಂದು ಉಗ್ರಪ್ಪ ಹೆಂಡತಿಯನ್ನು ಕರೆದು ತೋರಿಸಿದ.

ಶನಿವಾರ ಬೆಳಗಿನ ಸೊಪ್ಪು ಹಾಕಿ ಮನೆಗೆ ಹೋಗಿದ್ದ ಇಂದ್ರಮ್ಮ, ಮಧ್ಯಾಹ್ನ ಶೆಡ್ಡಿನ ಬಾಗಿಲು ತೆಗೆದಳು. ಮೂಗಿಗೆ ಹುಳಿಹುಳಿಯಾದ ಖಾರದ ಘಾಟು ಬಡಿಯಿತು. ಗಂಟಲು ಕೆರೆಯಿತು. ತಟ್ಟೆಗಳ ಕಡೆ ನೋಡಿದರೆ ಬೆಳಿಗ್ಗೆ ಹಾಕಿದ ಸೊಪ್ಪು ಹಾಗೇ ಇತ್ತು. ಮಳೆ ಸುರಿದಂತೆ ಸದ್ದು ಮಾಡುತ್ತ ತಿನ್ನುತ್ತಿದ್ದ ಹುಳಗಳು ತಲೆ ಮೇಲೆತ್ತಿ, ಅಲ್ಲಾಡದೆ ನಿಂತಿದ್ದವು. ಬ್ಯಾಟರಿಗೆ ಹತ್ತಿರದ ತಟ್ಟೆಗಳಲ್ಲಂತೂ ಹುಳಗಳು ಅಂಚಿಗೆ ಹರಿದು ಬಂದಿದ್ದವು.

ತನ್ನ ಹೆಸರಿನ ಬೆಳೆ, ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕಾದ ಹುಳ. ಇಂದ್ರಮ್ಮನಿಗೆ ಅಳು ಉಕ್ಕಿ ಬಂತು, ಅಳಲು ಪುರುಸೊತ್ತಿರಲಿಲ್ಲ. ಕಿಟಕಿಗಳನ್ನೆಲ್ಲ ತೆರೆದು, "ರೀ!" ಎಂದು ಕೂಗಿದ ಕೂಗಿಗೆ ಉಗ್ರಪ್ಪ ಊಟದ ಕೈಯಲ್ಲೇ ಓಡಿ ಬಂದ.

"ಬೀಡಿ ಸೇದಿದೋರ್ನ ಬಾಗ್ಲಲ್ಲೇ ನಿಲ್ಲುಸ್ತೀರ. ಈ ವಿಷದ ಗಾಳೀನ ನೀವೇ ಹೊತ್ಕೊಂಡು ಬಂದು ಒಳಗಿಟ್ರಲ್ಲ!"

ಉಗ್ರಪ್ಪ ಬ್ಯಾಟರಿಯ ವೈರಿಗೆ ಕೈ ಹಾಕಲು ಹೋದ. "ಮುಟ್ಬೇಡಿ, ಅನಂತೂನ ಕೇಳಿ ಬರ್ತೀನಿ" ಎಂದು ಅವಳು ಮುಖ್ಯ ರಸ್ತೆಯ ಕಿರಾಣಿ ಅಂಗಡಿಗೆ ಓಡಿದಳು. ಅಲ್ಲಿ ಫೋನಿತ್ತು. ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಅನಂತಲಕ್ಷ್ಮಿ ಇನ್ನೇನು ಕಾರ್ಖಾನೆಯಿಂದ ಹೊರಡುವುದರಲ್ಲಿದ್ದಳು.

"ಚಿಕ್ಕಮ್ಮ, ಗಾಬರಿ ಆಗ್ಬೇಡಿ" ಎಂದಳು ಅವಳು ಫೋನಿನಲ್ಲಿ. "ಮೊದ್ಲು ಪ್ಯಾನೆಲ್ ಮೇಲೆ ಕಂಬಳಿ ಹೊದ್ಸಿ. ಬಿಸಿಲು ಬೀಳ್ಬಾರ್ದು. ಆಮೇಲೆ ಪ್ಯಾನೆಲ್ ವೈರ್ ಬಿಚ್ಚಿ. ಶೆಡ್ಡಿಗೆ ಗಾಳಿ ಆಡಿದ್ಮೇಲೆ ಬ್ಯಾಟರೀನ ವಾಲಿಸ್ದೆ ನೆಟ್ಟಗೆ ಹಿಡ್ಕೊಂಡು ಹೊರಗಿಡಿ. ಒಳಗೆ ಆಸಿಡ್ ಇರತ್ತೆ, ಮೈಮೇಲೆ ಚೆಲ್ಲಿದ್ರೆ ಸುಡತ್ತೆ. ಬೆಂಕಿ ಮಾತ್ರ ಹತ್ರ ತರ್ಬೇಡಿ. ಆ ಗಾಳಿಗೆ ಒಂದು ಕಿಡಿ ಸಾಕು, ಬ್ಯಾಟರಿ ಸಿಡಿಯತ್ತೆ. ನಾನು ಬಸ್ ಹತ್ತಿದೆ ಅಂತ ತಿಳ್ಕೊಳ್ಳಿ."

ಇಂದ್ರಮ್ಮ ವಾಪಸ್ಸು ಬಂದಾಗ ಕೂಗು ಕೇಳಿದ ಬೈರಯ್ಯ ಏನಾಯಿತೆಂದು ನೋಡಲು ಬರುತ್ತಿದ್ದ, ಬಾಯಲ್ಲಿ ಹೊಗೆಯಾಡುವ ಬೀಡಿ. "ಬೈರಯ್ಯಣ್ಣ, ಅಲ್ಲೇ ನಿಲ್ಲಿ! ಬೀಡಿ ಬಿಸಾಕಿ!" ಎಂದು ಅವಳು ಅರಚಿದ ರಭಸಕ್ಕೆ ಅವನು ಬೀಡಿಯ ಜೊತೆ ಬೆಂಕಿಪೊಟ್ಟಣವನ್ನೂ ಎಸೆದು ಕೈ ಮೇಲೆತ್ತಿ ನಿಂತ.

ಕಂಬಳಿ ಹೊದಿಸಿದರು. ವೈರು ಬಿಚ್ಚಿದರು. ಘಾಟು ಹೋಗುವವರೆಗೆ ಕಾದು, ಉಗ್ರಪ್ಪ ಬ್ಯಾಟರಿಯನ್ನು ತುಂಬಿದ ಬಿಂದಿಗೆಯಂತೆ ಅಲುಗಾಡಿಸದೆ ಹೊರಗೆ ತಂದಿಟ್ಟ. ಇಂದ್ರಮ್ಮ ಹಳೆಯ ಸೊಪ್ಪು ತೆಗೆದು ಹೊಸ ಸೊಪ್ಪು ಹರಡಿ, ತಟ್ಟೆಗಳ ಮುಂದೆ ಕುಳಿತಳು. ಎಷ್ಟು ಹೊತ್ತಾದರೂ ಹುಳ ತಿನ್ನುವ ಸದ್ದಿಲ್ಲ.

ಅನಂತಲಕ್ಷ್ಮಿ ಬಂದು ಮೇಲೆ ಹತ್ತಿ ನೋಡಿ ಇಳಿದಳು. ಉಗ್ರಪ್ಪ ತಲೆ ತಗ್ಗಿಸಿ ನಿಂತಿದ್ದ.

"ಚಿಕ್ಕಪ್ಪ, ಮೇಲಿನ ನೀರಿನ ಟ್ಯಾಂಕಿಗೆ ತೇಲೋ ಗುಂಡು ಯಾಕೆ ಹಾಕ್ತಾರೆ?"

"ತುಂಬಿದ್ಮೇಲೆ ನೀರು ನಿಲ್ಲಿಸೋಕೆ."

"ಈ ಡಬ್ಬಿ ಮಾಡೋದೂ ಅದನ್ನೇ. ಬ್ಯಾಟರಿ ತುಂಬಿದ್ರೆ ನಿಲ್ಸತ್ತೆ. ರಾತ್ರಿ ಬ್ಯಾಟರೀಲಿರೋ ಕರೆಂಟು ಪ್ಯಾನೆಲ್ ಕಡೆ ವಾಪಸ್ ಹರೀದಂಗೂ ತಡ್ಯತ್ತೆ. ನೀವು ಅದನ್ನೇ ಕಿತ್ತಾಕಿದ್ರಿ. ತುಂಬಿದ ಬ್ಯಾಟರಿಗೆ ಇನ್ನೂ ತುಂಬಿದ್ರೆ ಒಳಗಿನ ನೀರು ಗಾಳಿಯಾಗಿ, ಆಸಿಡ್ ಹನೀನೂ ಎಳ್ಕೊಂಡು ಹೊರಗೆ ಬರತ್ತೆ."

"ಅಲ್ಲಮ್ಮ, ಎರಡು ಪ್ಯಾನೆಲ್ ಜೋಡಿಸಿದ್ದು ತಪ್ಪೇನು? ಟಾರ್ಚಿಗೆ..."

"ಟಾರ್ಚಿನ ಬಲ್ಬು ಎರಡು ಸೆಲ್ಲಿಗೆ ಅಂತಾನೇ ಮಾಡಿರ್ತಾರೆ. ನಿಮ್ಮ ಬ್ಯಾಟರಿ ಹನ್ನೆರಡು ವೋಲ್ಟು, ಡಬ್ಬೀನೂ ಹನ್ನೆರಡು ವೋಲ್ಟು. ಪ್ಯಾನೆಲ್‌ನ ಬಾಲಕ್ಕೆ ತಲೆ ಸೇರ್ಸಿದ್ರೆ ಇಪ್ಪತ್ನಾಲ್ಕರ ಲೆಕ್ಕಕ್ಕೆ ಹೋಗತ್ತೆ. ಅದಕ್ಕೇ ಡಬ್ಬಿ ಸುಟ್ಟಿದ್ದು. ಡಬ್ಬಿ ಕಿತ್ಮೇಲಾದ್ರೂ ನಿಮಗೆ ಸಿಕ್ಕಿದ್ದು ಒಂದೇ ಪ್ಯಾನೆಲ್‌ನ ಕರೆಂಟು. ಎರಡನೇದರ ದುಡಿಮೆ ಪೂರ್ತಿ ದಂಡ."

ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಸೇರಿಸಿದರೆ ವೋಲ್ಟು ಹನ್ನೆರಡರಲ್ಲೇ ನಿಲ್ಲುತ್ತದೆ, ಆಂಪಿಯರ್ ಎರಡು ಪಟ್ಟಾಗುತ್ತದೆ ಎಂದು ಅವಳು ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ತೋರಿಸಿದಳು. ಆಮೇಲೆ ಒಂದು ಪ್ಯಾನೆಲ್ಲನ್ನು ಹೆಂಚಿನಿಂದ ಇಳಿಸಿ, ಮಗುಚಿ ಅದರ ಬೆನ್ನಿಗೆ ಅಂಟಿಸಿದ್ದ ಚೀಟಿಯನ್ನು ಉಗ್ರಪ್ಪನಿಂದಲೇ ಓದಿಸಿದಳು. ಒಂದು ಪ್ಯಾನೆಲ್ ಅತಿ ಹೆಚ್ಚೆಂದರೆ ಎರಡೂಕಾಲು ಆಂಪಿಯರ್ ಕೊಡುತ್ತಿತ್ತು.

"ಎರಡು ಸೇರಿದ್ರೆ ನಾಲ್ಕೂವರೆ" ಎಂದ ಉಗ್ರಪ್ಪ.

"ಅದರ ಮೇಲೆ ಇನ್ನೊಂದು ಕಾಲು ಭಾಗ ಜಾಸ್ತಿ ಹಿಡೀರಿ. ಬಿಸಿಲು ಜೋರಿದ್ದಾಗ ತಡ್ಕೋಬೇಕಲ್ಲ."

"ಐದೂವರೆ ದಾಟತ್ತೆ. ನಮ್ಮ ಡಬ್ಬಿ ಮೂರರದ್ದು..." ಉಗ್ರಪ್ಪ ಹಣೆ ಚಚ್ಚಿಕೊಂಡ. "ಎತ್ತಿನ ಗಾಡಿಗೆ ಲಾರಿ ಲೋಡು ಹಾಕಿದಂಗಾಯ್ತು."

ಅಷ್ಟರಲ್ಲಿ ಒಳಗಿನಿಂದ ಇಂದ್ರಮ್ಮ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದಳು. ದೂರದ ತಟ್ಟೆಯೊಂದರಿಂದ ಸಣ್ಣಗೆ ಚರಚರ ಎಂಬ ಸದ್ದು. ಆಮೇಲೆ ಪಕ್ಕದ ತಟ್ಟೆಯಿಂದ. ಹುಳಗಳು ಸೊಪ್ಪಿಗೆ ಬಾಯಿ ಹಾಕಿದ್ದವು. ಇಂದ್ರಮ್ಮನಿಗೆ ಆಗ ಅಳು ಬಂತು, ಈ ಸಲ ಅಳಲು ಪುರುಸೊತ್ತೂ ಇತ್ತು. ಬ್ಯಾಟರಿಯ ಪಕ್ಕದ ಎರಡು ತಟ್ಟೆಯ ಹುಳ ಮಾತ್ರ ಉಳಿಯಲಿಲ್ಲ. ಮಿಕ್ಕವೆಲ್ಲ ಚೇತರಿಸಿಕೊಂಡವು.

ಅಂದಿನ ಸಂಜೆ ಪ್ಯಾನೆಲ್ಲು ಬಿಚ್ಚಿಟ್ಟು, ಹೊರಗಿದ್ದ ತುಂಬಿದ ಬ್ಯಾಟರಿಯಿಂದಲೇ ದೀಪ ಹಚ್ಚಿದರು. ಸೋಮವಾರ ಉಗ್ರಪ್ಪ ತಾನೇ ಬಸ್ಸು ಹತ್ತಿ, ಅನಂತಲಕ್ಷ್ಮಿ ಹೇಳಿದ ಅಂಗಡಿಗೆ ಹೋಗಿ ಬಂದ. ಬಂದವನು ಚಪ್ಪಲಿ ಬಿಡುವ ಮುಂಚೆಯೇ ಶುರುಮಾಡಿದ.

"ಅಂಗಡಿಯವ್ನು ಐದು ಆಂಪಿಯರ್‌ದು ತೋರ್ಸಿ, 'ಸಾಕು ತಗೊಳ್ಳಿ ಯಜಮಾನ್ರೇ' ಅಂದ ಕಣೇ. ನಾನು ಬಿಡ್ತೀನಾ? ನಾಲ್ಕೂವರೆ, ಅದರ ಮೇಲೆ ಕಾಲು ಭಾಗ, ಲೆಕ್ಕ ಒಪ್ಪಿಸ್ದೆ. ಹತ್ತು ಆಂಪಿಯರ್‌ದೇ ಕೊಡು, ಹನ್ನೆರಡು ವೋಲ್ಟು ಅಂತ ಬರೆದಿರೋದನ್ನ ತೋರ್ಸು ಅಂದೆ. ಅವ್ನು 'ಸಾರ್, ನೀವು ಇಂಜಿನಿಯರ್ರಾ' ಅಂತ ಕೇಳ್ದ!"

"ನೀವೇನಂದ್ರಿ?"

"ಏನೂ ಅನ್ಲಿಲ್ಲ. ನಕ್ಕು ಬಂದೆ."

ಸಂಜೆ ಕೆಲಸ ಮುಗಿಸಿ ಅನಂತಲಕ್ಷ್ಮಿ ಬಂದು ಪಕ್ಕದಲ್ಲಿ ನಿಂತಳು, ಕೈ ಉಗ್ರಪ್ಪನದೇ. ಶೆಡ್ಡಿನ ಹೊರಗೋಡೆಗೆ ಗಾಳಿಯಾಡುವ ತೂತುಗಳಿದ್ದ ಮರದ ಪೆಟ್ಟಿಗೆ ಕೂರಿಸಿ, ಬೀಗ ಹಾಕುವ ಹಾಗೆ ಮಾಡಿ, ಬ್ಯಾಟರಿಯನ್ನು ಅದರೊಳಗಿಟ್ಟ. ಒಳಗಿನ ನೀರು ಇಳಿದುಹೋಗಿದ್ದರಿಂದ ಗುರುತಿನವರೆಗೆ ಡಿಸ್ಟಿಲ್ಡ್ ವಾಟರ್ ಹಾಕಿದ. ಬ್ಯಾಟರಿಯ ಪ್ಲಸ್ ವೈರಿಗೆ ಒಂದು ಫ್ಯೂಸು ಸೇರಿಸಿ, ತೆಳು ವೈರುಗಳನ್ನೆಲ್ಲ ಕಿತ್ತು ದಪ್ಪ ವೈರು ಎಳೆದ. ಪ್ಯಾನೆಲ್ಲುಗಳನ್ನು ತೆಂಗಿನ ಗರಿಯ ನೆರಳು ಬೀಳದ ಕಡೆ, ದಕ್ಷಿಣಕ್ಕೆ ಮುಖ ಮಾಡಿ ಕೂರಿಸಿದ.

"ಮೊದ್ಲು ಯಾವುದು ಚಿಕ್ಕಪ್ಪ?"

"ಮೊದ್ಲು ಡಬ್ಬಿಗೆ ಬ್ಯಾಟರಿ. ಆಮೇಲೆ ಪ್ಯಾನೆಲ್ಲು. ಕೊನೇಗೆ ದೀಪ. ಬಿಚ್ಚೋವಾಗ ಇದರ ಉಲ್ಟಾ."

"ಇನ್ನೊಂದ್ಸಲ ಹೇಳಿ" ಎಂದಳು ಇಂದ್ರಮ್ಮ. ಉಗ್ರಪ್ಪ ಬೇಸರಿಸದೆ ಇನ್ನೊಂದು ಸಲ ಹೇಳಿದ. ಅವಳಿಗೂ ಬಾಯಿಪಾಠವಾಯಿತು.

ಆಮೇಲಿನ ದಿನಗಳಲ್ಲಿ ಬ್ಯಾಟರಿ ಹಿಂದಿನಂತೆ ಕುದಿಯಲಿಲ್ಲ, ಬೆಳಗಿನ ಜಾವ ದೀಪ ಸಪ್ಪೆಯಾಗಲಿಲ್ಲ. ಹುಳ ಹಣ್ಣಾಗಿ ಮೈ ಹೊಳೆಯತೊಡಗಿದಾಗ ಇಂದ್ರಮ್ಮ ನಿಚ್ಚಳ ಬೆಳಕಿನಲ್ಲಿ ಒಂದೊಂದನ್ನೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟಳು. ಗೂಡು ಗಟ್ಟಿಯಾಗಿ, ಹೊಂಬಣ್ಣವಾಗಿ ಬಂತು.

ರಾಮನಗರದ ಮಾರುಕಟ್ಟೆಗೆ ಹೊರಡುವ ಮುಂಚೆ ಗೂಡನ್ನು ಸಂಘದ ಕಚೇರಿಗೆ ತಂದು ತೋರಿಸಿದರು. ವೆಂಕಟಗಿರಿ ಒಂದು ಹಿಡಿ ಗೂಡು ಕೈಗೆತ್ತಿಕೊಂಡು, ಕಿವಿಯ ಹತ್ತಿರ ಅಲ್ಲಾಡಿಸಿ, ಮೆಚ್ಚಿಗೆಯಿಂದ ಉಗ್ರಪ್ಪನ ಕಡೆ ತಿರುಗಿದರು.

"ಚೆನ್ನಾಗ್ ಬೆಳ್ದಿದ್ದೀರಪ್ಪ. ಮುಂದಿನ ಸಲ ಎಷ್ಟು ಮೊಟ್ಟೆ ಬೇಕು?"

"ನನ್ನ ಕೇಳಿದ್ರೆ ಹೆಂಗೆ ಸಾರ್?" ಎಂದ ಉಗ್ರಪ್ಪ. "ಹಾಳು ಮಾಡೋಕೆ ಹೋದೋನು ನಾನು. ಉಳಿಸ್ಕೊಂಡು ಬೆಳೆದೋಳು ಅವಳು. ಅವಳನ್ನೇ ಕೇಳಿ."

ವೆಂಕಟಗಿರಿ ಇಂದ್ರಮ್ಮನ ಕಡೆ ತಿರುಗಿ ಅದೇ ಪ್ರಶ್ನೆಯನ್ನು ಇನ್ನೊಂದು ಸಲ ಕೇಳಿದರು. ಇಂದ್ರಮ್ಮ ಸೆರಗು ಸರಿಮಾಡಿಕೊಂಡು, "ಹೋದ ಸಲದ ಎರಡರಷ್ಟು ಕೊಡಿ ಸಾರ್" ಎಂದಳು.

ಹುಳ ಸಾಕುವ ಅಕ್ಕಂದಿರೇ, ಹಸು ಕೋಳಿ ಕಟ್ಟಿಕೊಂಡ ಅಣ್ಣಂದಿರೇ, ನಿಮ್ಮ ಶೆಡ್ಡಿಗೂ ಬಿಸಿಲಿನ ಬೆಳಕು ತನ್ನಿ, ಹೆದರಬೇಡಿ. ಆದರೆ ಒಂದು ಪ್ಯಾನೆಲ್ಲಿನ ಜೊತೆಗೆ ಇನ್ನೊಂದನ್ನು ಸೇರಿಸುವ ದಿನ, ವೈರಿಗೆ ಕೈ ಹಾಕುವ ಮುಂಚೆ ಅದರ ಬೆನ್ನು ತಿರುಗಿಸಿ ಚೀಟಿ ಓದಿ. ಆಂಪಿಯರ್‌ಗಳನ್ನು ಕೂಡಿಸಿ, ಅದರ ಮೇಲೆ ಕಾಲು ಭಾಗ ಹೆಚ್ಚು ಹಿಡಿಯಿರಿ. ನಿಮ್ಮ ಡಬ್ಬಿ ಅಷ್ಟನ್ನು ತಡೆಯುತ್ತದೆಯೇ, ಅದರ ವೋಲ್ಟು ಬ್ಯಾಟರಿಯ ವೋಲ್ಟಿಗೆ ಸರಿಹೊಂದುತ್ತದೆಯೇ ನೋಡಿ. ಬ್ಯಾಟರಿಯನ್ನು ಗಾಳಿಯಾಡುವ ಕಡೆ, ಬೆಂಕಿಯಿಂದ ದೂರ ಇಡಿ. ಗೊತ್ತಾಗದಿದ್ದರೆ ಗೊತ್ತಿದ್ದವರನ್ನು ಕರೆದು ಕೇಳಿ. ಕೇಳಿದರೆ ಯಾರ ಮೀಸೆಯೂ ಬಾಗುವುದಿಲ್ಲ. ನಿಮ್ಮ ಶೆಡ್ಡಿನೊಳಗೂ ಯಾರದೋ ಒಂದು ಬೆಳೆ ಉಸಿರಾಡುತ್ತಿದೆ. ಇವತ್ತು ಸಂಜೆ ದೀಪ ಹಚ್ಚುವ ಮುಂಚೆ ಒಮ್ಮೆ ಹೋಗಿ ನಿಮ್ಮ ಡಬ್ಬಿಯನ್ನು ನೋಡಿ ಬನ್ನಿ.